ಆಧಾರ ಎಲ್ಲಿದೆ?

ಸಂಗೀತದಲ್ಲಿ ಪಿಎಚ್.ಡಿ. ಮಾಡುತ್ತೇನೆ ಎಂದಾಗ ನಮ್ಮ ಅತ್ತೆಯವರು ಒಗ್ಗರಣೆ ಸೌಟನ್ನು ಹಾಗೇ ಹಿಡಿದುಕೊಂಡು, "ಹಾಡೋಕೆ ಬರುತ್ತಲ್ಲಮ್ಮ, ಮತ್ಯಾಕೆ ಬರೆಯೋದು?" ಎಂದರು. ಅದರಲ್ಲಿ ಕುಹಕವಿರಲಿಲ್ಲ. ಉತ್ತರ ನನಗೂ ಗೊತ್ತಿರಲಿಲ್ಲ.

ಆಗ ನನಗೆ ನಲವತ್ತೊಂದು. ಎಂ.ಎ. ಮುಗಿದು ಹದಿನಾರು ವರ್ಷವಾಗಿತ್ತು. ಮದುವೆ ಮನೆಯ ಸಂಪ್ರದಾಯದ ಹಾಡುಗಳ ಮಟ್ಟುಗಳನ್ನೇ ವಿಷಯವಾಗಿ ಆರಿಸಿಕೊಂಡೆ. ಹಸೆಗೆ ಕರೆಯುವ ಹಾಡು, ಉರುಟಣೆ ಹಾಡು, ಆರತಿ ಹಾಡು ಎಲ್ಲ ಅತ್ತೆಯವರಿಗೆ ಬಾಯಿಪಾಠ. ಸಂದರ್ಶನದಲ್ಲಿ ಹಿರಿಯರೊಬ್ಬರು ಕೇಳಿದರು: "ಇದಕ್ಕೆಲ್ಲ ಆಧಾರ ಎಲ್ಲಿದೆ?" ನಾನು, "ನಮ್ಮತ್ತೆ ಹಾಡ್ತಾರೆ ಸಾರ್" ಎಂದೆ. ಎಲ್ಲರೂ ನಕ್ಕರು. ಅರ್ಜಿ ತಿರಸ್ಕೃತವಾಯಿತು.

ಅಳುತ್ತಾ ಕೂರಲು ಪುರುಸೊತ್ತಿರಲಿಲ್ಲ. ಮಧ್ಯಾಹ್ನ ಮಕ್ಕಳು ಶಾಲೆಯಿಂದ ಬರುವವರೆಗೆ ಗ್ರಂಥಾಲಯದಲ್ಲಿ ಕೂತು, ನನಗಿಂತ ಮೊದಲು ಈ ಬಾಗಿಲು ತಟ್ಟಿದ ಹೆಂಗಸರು ಯಾರೆಂದು ಹುಡುಕಿದೆ.

ಎಲಿಜಬೆತ್ ಸ್ಟರ್ಲಿಂಗ್ ಲಂಡನ್ನಿನ ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದವರು. 1856ರಲ್ಲಿ ಆಕ್ಸ್‌ಫರ್ಡ್‌ನ ಸಂಗೀತ ಪದವಿಗಾಗಿ ತಮ್ಮ ರಚನೆಯನ್ನು ಕಳಿಸಿದರು. ರಚನೆ ಯೋಗ್ಯವೆಂದು ಒಪ್ಪಿದರು, ಪದವಿ ಮಾತ್ರ ಕೊಡಲಿಲ್ಲ. ಹೆಣ್ಣಿಗೆ ಪದವಿ ಕೊಡುವ ನಿಯಮವೇ ಅಲ್ಲಿರಲಿಲ್ಲ. 1889ರಲ್ಲಿ ಐರ್ಲೆಂಡಿನ ರಾಯಲ್ ವಿಶ್ವವಿದ್ಯಾಲಯ ಆನಿ ಪ್ಯಾಟರ್ಸನ್ ಅವರಿಗೆ ಸಂಗೀತದ ಡಾಕ್ಟರೇಟ್ ಕೊಟ್ಟಿತು. ಆಕ್ಸ್‌ಫರ್ಡ್‌ನಲ್ಲಿ ಎಮಿಲಿ ಡೇಮಂಡ್ 1901ರಲ್ಲೇ ಡಾಕ್ಟರೇಟ್ ಪರೀಕ್ಷೆ ಪಾಸು ಮಾಡಿದರೂ ಪದವಿ ಕೈಗೆ ಬಂದದ್ದು 1921ರಲ್ಲಿ. ಇಪ್ಪತ್ತು ವರ್ಷ! ನನ್ನದು ಬರೀ ಒಂದು ವರ್ಷದ ಕಾಯುವಿಕೆ ಎಂದು ಸಮಾಧಾನ ಮಾಡಿಕೊಂಡೆ.

ನಮ್ಮ ಕಡೆ ಮದರಾಸು ವಿಶ್ವವಿದ್ಯಾಲಯದಲ್ಲಿ ಭಾರತೀಯ ಸಂಗೀತ ವಿಭಾಗ ಶುರುವಾದದ್ದು 1932ರಲ್ಲಿ. ಆದರೆ ಸಂಶೋಧನೆ ಎಂಬುದು ವಿಭಾಗಕ್ಕಾಗಿ ಕಾದು ಕುಳಿತಿರಲಿಲ್ಲ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರನ್ನು ನಾವು ದೊಡ್ಡ ಗಾಯಕಿಯೆಂದು, ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರೆಂದು ಬಲ್ಲೆವು. ಅವರು ಮಾಡಿದ ಇನ್ನೊಂದು ಕೆಲಸವಿದೆ. ಹದಿನೆಂಟನೆಯ ಶತಮಾನದ ತಂಜಾವೂರಿನ ಕವಯಿತ್ರಿ ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಕಾವ್ಯದ ಅಚ್ಚಾದ ಪ್ರತಿಯಲ್ಲಿ ಕೆಲವು ಭಾಗಗಳೇ ಇರಲಿಲ್ಲ. ಅವರು ಹಸ್ತಪ್ರತಿ ಸಂಪಾದಿಸಿ, ಹೋಲಿಸಿ ನೋಡಿ, 1910ರಲ್ಲಿ ಪೂರ್ಣ ಕಾವ್ಯವನ್ನು ಹೊರತಂದರು. ಮರುವರ್ಷ ಸರ್ಕಾರ ಅದನ್ನು ಅಶ್ಲೀಲವೆಂದು ಮುಟ್ಟುಗೋಲು ಹಾಕಿಕೊಂಡಿತು. ಸ್ವಾತಂತ್ರ್ಯದ ಕಾಲಕ್ಕೆ ನಿಷೇಧ ಹೋಯಿತು. ಪದವಿಯಿಲ್ಲದ ಆ ದೇವದಾಸಿ ಹೆಂಗಸು ಮಾಡಿದ್ದು ಸಂಶೋಧನೆಯಲ್ಲದೆ ಮತ್ತೇನು?

ಆಗ ನನ್ನ ತಪ್ಪೂ ತಿಳಿಯಿತು. "ಅತ್ತೆ ಹಾಡ್ತಾರೆ" ಎಂದರೆ ಸಾಲದು. ಎಲ್ಲಿ ಕಲಿತರು, ಯಾರಿಂದ, ಬೇರೆ ಊರಿನಲ್ಲಿ ಅದೇ ಹಾಡಿನ ಮಟ್ಟು ಹೇಗೆ ಬದಲಾಗಿದೆ ಎಂದು ತೋರಿಸಬೇಕು. ಟೇಪ್ ರೆಕಾರ್ಡರ್ ಕೊಂಡೆ. ಅತ್ತೆಯವರನ್ನೂ ಅವರ ವಯಸ್ಸಿನ ಹನ್ನೊಂದು ಜನರನ್ನೂ ಹಾಡಿಸಿದೆ. ಪ್ರತಿ ಕ್ಯಾಸೆಟ್ಟಿನ ಮೇಲೆ ಊರು, ತಾರೀಕು, ಹಾಡಿದವರ ಹೆಸರು ಬರೆದೆ. ಹಾಡುಗಳಿಗೆ ಸ್ವರ ಹಾಕಿದೆ. ಎರಡನೆಯ ಸಲ ಅದೇ ಪ್ರಶ್ನೆ ಬಂದಾಗ ಕ್ಯಾಸೆಟ್ಟುಗಳ ಪಟ್ಟಿಯನ್ನು ಮೇಜಿನ ಮೇಲಿಟ್ಟೆ. ಯಾರೂ ನಗಲಿಲ್ಲ.

ಪ್ರಬಂಧ ಮುಗಿಯಲು ಆರು ವರ್ಷ ಹಿಡಿಯಿತು. ಬೆರಳಚ್ಚಾಗಿ ಬಂದ ದಿನ, ಹಾಡಿದವರ ಪಟ್ಟಿಯಲ್ಲಿ ಅತ್ತೆಯವರ ಹೆಸರು ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ಓದಿದರು. ಸಂತೋಷಪಡುತ್ತಾರೆ ಎಂದುಕೊಂಡೆ.

"ಇಲ್ಲಿ ತಪ್ಪಾಗಿದೆ ಕಣಮ್ಮ. ಈ ಆರತಿ ಹಾಡು ನನ್ನ ತಾಯಿದಲ್ಲ, ನಮ್ಮ ಓರಗಿತ್ತಿ ಹೇಳಿಕೊಟ್ಟಿದ್ದು. ಅವಳ ಹೆಸರು ಹಾಕು" ಎಂದರು.

ಆ ಪುಟವನ್ನು ಮತ್ತೆ ಬೆರಳಚ್ಚು ಮಾಡಿಸಿದೆ.