ಪ್ರಾಸ್ಟೇಟ್ ಉರಿಯೂತ ಮತ್ತು ಹಾವೇರಿ ಸೀಮೆಯ ಮೂರು ಸಸ್ಯಗಳು: ಒಂದು ಟಿಪ್ಪಣಿ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು ಮಲೆನಾಡಿನ ಸೆರಗಿಗೂ ಬಯಲುಸೀಮೆಗೂ ನಡುವೆ ಇವೆ. ಸವಣೂರಿನ ವೀಳ್ಯದೆಲೆ, ಜಿಲ್ಲೆಯ ಉಳ್ಳಾಗಡ್ಡಿ, ಹೊಲದ ಬದುಗಳ ನೆಗ್ಗಿಲುಮುಳ್ಳು ಈ ಮೂರಕ್ಕೂ ಪ್ರಾಸ್ಟೇಟ್ ಗ್ರಂಥಿಯ ತೊಂದರೆಯೊಡನೆ ಒಂದಲ್ಲ ಒಂದು ಬಗೆಯ ನಂಟನ್ನು ಹೇಳಲಾಗುತ್ತದೆ. ಆ ನಂಟಿಗೆ ಪುರಾವೆ ಎಷ್ಟು ಎಂದು ತೂಗಿ ನೋಡುವುದು ಈ ಟಿಪ್ಪಣಿಯ ಉದ್ದೇಶ.

ಮೊದಲು ರೋಗದ ಗಡಿ ಗುರುತಿಸಿಕೊಳ್ಳಬೇಕು. ಪ್ರಾಸ್ಟೇಟ್ ಉರಿಯೂತ, ವಯಸ್ಸಾದಂತೆ ಗ್ರಂಥಿ ದೊಡ್ಡದಾಗುವುದು, ಕ್ಯಾನ್ಸರ್, ಈ ಮೂರೂ ಬೇರೆ ಬೇರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ 1995ರ ವರ್ಗೀಕರಣದಲ್ಲಿ ಉರಿಯೂತವೇ ನಾಲ್ಕು ಬಗೆ. ಮೊದಲೆರಡು ಬ್ಯಾಕ್ಟೀರಿಯಾದಿಂದ ಬರುವ ತೀವ್ರ ಮತ್ತು ದೀರ್ಘಕಾಲದ ಬಗೆಗಳು. ಮೂರನೆಯದರಲ್ಲಿ ಸೋಂಕು ಪತ್ತೆಯಾಗದಿದ್ದರೂ ಕಿಬ್ಬೊಟ್ಟೆಯ ಸುತ್ತ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ನಾಲ್ಕನೆಯದಕ್ಕೆ ಲಕ್ಷಣಗಳೇ ಇಲ್ಲ. ದೀರ್ಘಕಾಲದಿಂದ ನರಳುವವರಲ್ಲಿ ಬಹುಪಾಲು ಜನ ಮೂರನೆಯ ಗುಂಪಿನವರು.

ಉಳ್ಳಾಗಡ್ಡಿಯಲ್ಲಿರುವ ಕ್ವೆರ್ಸೆಟಿನ್ ಪರೀಕ್ಷೆಗೊಳಗಾದದ್ದು ಈ ಗುಂಪಿನವರ ಮೇಲೆಯೇ. ಡೇನಿಯಲ್ ಶಾಸ್ಕಸ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳಿಗೆ 500 ಮಿಲಿಗ್ರಾಂ ಕ್ವೆರ್ಸೆಟಿನ್ ಅಥವಾ ಹುಸಿಗುಳಿಗೆಯನ್ನು ದಿನಕ್ಕೆರಡು ಬಾರಿ ಒಂದು ತಿಂಗಳು ಕೊಡಲಾಯಿತು. ಲಕ್ಷಣಗಳು ಕಾಲುಭಾಗವಾದರೂ ತಗ್ಗಿದವರು ಕ್ವೆರ್ಸೆಟಿನ್ ಪಡೆದವರಲ್ಲಿ ಶೇ. 67, ಹುಸಿಗುಳಿಗೆಯವರಲ್ಲಿ ಶೇ. 20. ಫಲ ಆಶಾದಾಯಕ. ಆದರೆ ಪಾಲ್ಗೊಂಡವರು ಕೇವಲ 30 ಮಂದಿ, ಅವಧಿಯೂ ಚಿಕ್ಕದು.

ಇದನ್ನು ಅಡುಗೆಮನೆಗೆ ಇಳಿಸುವಾಗ ಲೆಕ್ಕ ತಪ್ಪುತ್ತದೆ. 100 ಗ್ರಾಂ ಉಳ್ಳಾಗಡ್ಡಿಯಲ್ಲಿ ಕ್ವೆರ್ಸೆಟಿನ್ ಇರುವುದು ಸುಮಾರು 20ರಿಂದ 40 ಮಿಲಿಗ್ರಾಂ. ಅಧ್ಯಯನದ ದಿನದ ಪ್ರಮಾಣ ಮುಟ್ಟಲು ಎರಡೂವರೆಯಿಂದ ಐದು ಕಿಲೋ ತಿನ್ನಬೇಕು. ಮೇಲಾಗಿ ಈ ಅಂಶ ಹೆಚ್ಚಾಗಿರುವುದು ನಾವು ಸುಲಿದು ಬಿಸಾಡುವ ಹೊರಪದರಗಳಲ್ಲಿ.

ವೀಳ್ಯದೆಲೆಯ ಕಥೆ ಬೇರೆ. ಎಲೆಯ ಖಾರ, ಘಾಟಿಗೆ ಕಾರಣವಾದ ಯೂಜಿನಾಲ್, ಹೈಡ್ರಾಕ್ಸಿಚಾವಿಕಾಲ್ ಮುಂತಾದ ಫೀನಾಲುಗಳಿಗೆ ಉರಿಯೂತ ತಗ್ಗಿಸುವ ಗುಣ ಪ್ರಯೋಗಾಲಯದಲ್ಲಿ ಕಂಡಿದೆ. ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2013 ಮತ್ತು 2014ರಲ್ಲಿ ಎಲೆಯ ಸಾರವನ್ನೂ ಹೈಡ್ರಾಕ್ಸಿಚಾವಿಕಾಲನ್ನೂ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೇಲೆ, ಇಲಿಗಳ ಮೇಲೆ ಪರೀಕ್ಷಿಸಿ ಗೆಡ್ಡೆಯ ಬೆಳವಣಿಗೆ ತಗ್ಗಿದ್ದನ್ನು ತೋರಿಸಿದರು. ಅದು ಕ್ಯಾನ್ಸರಿನ ಮಾತು, ಉರಿಯೂತದ್ದಲ್ಲ. ಇಲಿಯ ಫಲ, ಮನುಷ್ಯರದ್ದಲ್ಲ. ಎಲೆ ಬಾಯಿಗೆ ಬೀಳುವುದು ಸಾಮಾನ್ಯವಾಗಿ ಅಡಿಕೆ, ಸುಣ್ಣ, ಹಲವೊಮ್ಮೆ ತಂಬಾಕಿನ ಜೊತೆಗೆ. ಅಡಿಕೆ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಹಾಗಾಗಿ ಎಲೆಯ ಸಾರದ ಗುಣವನ್ನು ಎಲೆಯಡಿಕೆಗೆ ಹಚ್ಚುವಂತಿಲ್ಲ.

ನೆಗ್ಗಿಲು ಆಯುರ್ವೇದದ ಗೋಕ್ಷುರ. ಶಾರ್ಙ್ಗಧರ ಸಂಹಿತೆಯ ಗೋಕ್ಷುರಾದಿ ಗುಗ್ಗುಳು ಮೂತ್ರದ ತೊಂದರೆಗಳಿಗೆ ಹೇಳಿದ ಮದ್ದು. ಪರಂಪರೆಯ ಬಳಕೆ ಸಂಶೋಧನೆಗೆ ದಾರಿ ತೋರಬಲ್ಲದು, ಆದರೆ ಪರೀಕ್ಷೆಯ ಜಾಗವನ್ನು ತುಂಬಲಾರದು. ಪಾಶ್ಚಾತ್ಯರಲ್ಲಿ ಬಹುಕಾಲ ಹೆಸರು ಮಾಡಿದ್ದ ಸಾ ಪಾಲ್ಮೆಟೊ ಎಂಬ ಕುಬ್ಜ ತಾಳೆಯ ಹಣ್ಣಿನ ಸಾರ ಇದಕ್ಕೆ ನಿದರ್ಶನ. ಗ್ರಂಥಿ ದೊಡ್ಡದಾಗಿದ್ದ 369 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೂರು ಪಟ್ಟು ಪ್ರಮಾಣ ಕೊಟ್ಟರೂ ಅದು ಹುಸಿಗುಳಿಗೆಯನ್ನು ಮೀರಲಿಲ್ಲ.

ಸದ್ಯದ ತೀರ್ಮಾನ ಇಷ್ಟು: ಶುದ್ಧೀಕರಿಸಿದ ಕ್ವೆರ್ಸೆಟಿನ್‌ಗೆ ಮಿತವಾದ ಮಾನವ ಪುರಾವೆ ಇದೆ, ವೀಳ್ಯದೆಲೆ ಇನ್ನೂ ಪ್ರಯೋಗಾಲಯದ ಹಂತದ್ದು, ನೆಗ್ಗಿಲಿಗೆ ಪರಂಪರೆಯ ಬಲವಿದೆ. ಸವಣೂರಿನ ಎಲೆಯನ್ನು ಕೈಗೆತ್ತಿಕೊಳ್ಳುವವರು ತಳಿ, ಕೊಯ್ಲಿನ ಕಾಲ, ಸಾರ ತೆಗೆದ ವಿಧಾನ ಇವನ್ನು ದಾಖಲಿಸಿ, ಮೂರನೆಯ ಗುಂಪಿನ ರೋಗಿಗಳನ್ನೇ ಆಯ್ದು ಪರೀಕ್ಷಿಸಬೇಕು. ಜ್ವರದೊಡನೆ ಉರಿಮೂತ್ರ ಕಂಡರೆ, ಮೂತ್ರ ಕಟ್ಟಿದರೆ, ಯಾವ ಸೊಪ್ಪನ್ನೂ ನೆಚ್ಚದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.