ಬೆರಳಿಗೊಂದು ಕ್ಲಿಪ್ಪು, ಮಂಚದ ಕಥೆ ಬೇರೆ...

ಮೊನ್ನೆ ಟಿವಿ ರಿಮೋಟಿಗೆ ಬ್ಯಾಟರಿ ಹುಡುಕ್ತಾ ಡ್ರಾಯರ್ ತಡಕಾಡುವಾಗ ಕೈಗೆ ಸಿಕ್ಕಿದ್ದು ಪಲ್ಸ್ ಆಕ್ಸಿಮೀಟರ್. 2021ರ ಎರಡನೇ ಅಲೆಯಲ್ಲಿ ದುಪ್ಪಟ್ಟು ದುಡ್ಡು ಕೊಟ್ಟು ತಂದಿದ್ದು. ನಿಮ್ಮ ಮನೆಯಲ್ಲೂ ಒಂದು ಇರಬೇಕಲ್ವಾ? ಬೆರಳಿಟ್ಟೆ, 98 ತೋರಿಸಿತು. ಸುಮ್ಮನೆ ಖುಷಿಯಾಯ್ತು :)

ಇದರ ತತ್ವ ಕಂಡುಹಿಡಿದವರು ಜಪಾನಿನ ಎಂಜಿನಿಯರ್ ತಕುಓ ಅವೊಯಾಗಿ, 1970ರ ದಶಕದ ಆರಂಭದಲ್ಲಿ. ಬೆರಳಿನೊಳಗೆ ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಹಾಯಿಸಿ, ನಾಡಿಮಿಡಿತದ ಜೊತೆ ಏರಿಳಿಯುವ ಭಾಗವನ್ನಷ್ಟೇ ಲೆಕ್ಕ ಹಿಡಿದರೆ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ಸೂಜಿ ಚುಚ್ಚದೆ ಗೊತ್ತಾಗುತ್ತೆ. ಅವರು ತೀರಿಕೊಂಡದ್ದು 2020ರ ಏಪ್ರಿಲ್ 18ರಂದು. ಅದಾಗಿ ಎರಡೇ ದಿನಕ್ಕೆ ಸಿಂಗಾಪುರದಲ್ಲಿ ಒಂದೇ ದಿನ 1,426 ಹೊಸ ಕೋವಿಡ್ ಪ್ರಕರಣಗಳು ಬಂದವು. ಬಹುತೇಕ ಎಲ್ಲರೂ ವಲಸೆ ಕೆಲಸಗಾರರ ಡಾರ್ಮಿಟರಿಗಳಲ್ಲಿ ಇದ್ದವರು.

ಆ ಊರಿನ ಗಗನಚುಂಬಿಗಳನ್ನೂ ಮೆಟ್ರೋ ಸುರಂಗಗಳನ್ನೂ ಕಟ್ಟುವವರು ಇವರೇ. ಬಾಂಗ್ಲಾದೇಶದವರು, ತಮಿಳುನಾಡಿನವರು, ಚೀನಾದವರು... ಡಾರ್ಮಿಟರಿಗಳಲ್ಲಿ ಒಟ್ಟು ಮೂರು ಲಕ್ಷಕ್ಕೂ ಹೆಚ್ಚು ಜನ. ಒಂದೊಂದು ಕೋಣೆಯಲ್ಲಿ ಹನ್ನೆರಡೋ ಹದಿನಾರೋ ಮಂದಿ, ಒಂದರ ಮೇಲೊಂದು ಮಂಚ, ಶೌಚಾಲಯಕ್ಕೆ ಸರದಿ.

ಏಪ್ರಿಲ್ 5ರಿಂದ ಡಾರ್ಮಿಟರಿಗಳ ಗೇಟು ಹಾಕತೊಡಗಿದರು. ಆಮೇಲೆ ಬಂತು ನೋಡಿ ತಂತ್ರಜ್ಞಾನ. ಕೆಲಸಗಾರರಿಗೆ ಆಕ್ಸಿಮೀಟರ್ ಹಂಚಿದರು. ಮೊಬೈಲ್ ಆಪ್‌ನಲ್ಲಿ ಜ್ವರ, ಲಕ್ಷಣಗಳನ್ನು ದಿನಾ ತುಂಬಬೇಕು, ಬೇಕಾದರೆ ಡಾಕ್ಟರ್ ಜೊತೆ ವಿಡಿಯೋದಲ್ಲೇ ಮಾತು. ಇದು ನಿಜಕ್ಕೂ ಒಳ್ಳೆ ಕೆಲಸ. ಕೋವಿಡ್‌ನಲ್ಲಿ ಉಸಿರು ಕಟ್ಟಿದ್ದು ಅನುಭವಕ್ಕೆ ಬರುವ ಮೊದಲೇ ಆಮ್ಲಜನಕ ಇಳಿದಿರಬಹುದು. ಆ ಪುಟ್ಟ ಕ್ಲಿಪ್ಪು ಮೊದಲೇ ಎಚ್ಚರಿಸುತ್ತೆ. ಡಾರ್ಮಿಟರಿಗಳಲ್ಲಿ ಸಾವುಗಳು ತೀರಾ ಕಡಿಮೆ ಆದವು. ಹೆಚ್ಚಿನವರು ಹರೆಯದವರು ಅನ್ನೋದೂ ಕಾರಣ, ಅದನ್ನು ಮರೆಯಬಾರದು. (ಇನ್ನೊಂದು ಮಾತು: ಕಪ್ಪು ಚರ್ಮದ ಮೇಲೆ ಈ ಯಂತ್ರ ಕೆಲವೊಮ್ಮೆ ಇರೋದಕ್ಕಿಂತ ಹೆಚ್ಚು ತೋರಿಸುತ್ತೆ ಅಂತ ಅದೇ ಡಿಸೆಂಬರ್‌ನಲ್ಲಿ ಅಮೆರಿಕದ ವೈದ್ಯರು ಬರೆದರು. ಬಿಸಿಲಲ್ಲಿ ದುಡಿಯುವವರಿಗೇ ಹಂಚಿದ ಯಂತ್ರ ಅದು!)

ನನಗೆ ತಕರಾರು ಇರೋದು ಉಳಿದ ಯಂತ್ರಗಳ ಬಗ್ಗೆ. ಯಾರ ಹತ್ತಿರ ಯಾರು ಎಷ್ಟು ಹೊತ್ತು ಇದ್ದರು ಅಂತ ಬ್ಲೂಟೂತ್ ಮೂಲಕ ಬರೆದಿಡುವ ಬಿಲ್ಲೆ. ಫೋನಿನಲ್ಲಿ ಹಸಿರು ಬಂದರೆ ಕೆಲಸಕ್ಕೆ ಹೋಗಬಹುದು, ಕೆಂಪು ಬಂದರೆ ಇಲ್ಲ. ಸ್ವಾಮಿ, ರಾತ್ರಿಯಿಡೀ ಹನ್ನೆರಡು ಜನ ಒಂದೇ ಕೋಣೆಯಲ್ಲಿ ಮಲಗಿದರೆ ಯಾರ ಹತ್ತಿರ ಯಾರಿದ್ದರು ಅಂತ ಬ್ಲೂಟೂತ್ ಹೇಳಬೇಕೇ? ಆ ಅಂತರ ಕಟ್ಟಡದ ನಕ್ಷೆ ಬರೆದಾಗಲೇ ತೀರ್ಮಾನವಾಗಿತ್ತು. ಹಸಿರು ಬಣ್ಣ ಸಹ ಸೈಟಿಗೆ ಹೋಗಲು ಮಾತ್ರ. ಭಾನುವಾರ ಲಿಟಲ್ ಇಂಡಿಯಾಕ್ಕೆ ಹೋಗಿ ಟೀ ಕುಡಿಯಲು ಅಲ್ಲ. ಊರಿನ ಉಳಿದವರು ಮಾಲ್ ಸುತ್ತುತ್ತಿದ್ದಾಗಲೂ ಇವರು ಒಳಗೇ. 2021ರ ಸೆಪ್ಟೆಂಬರ್‌ನಲ್ಲಿ ಪ್ರಯೋಗಕ್ಕೆಂದು ವಾರಕ್ಕೆ 500 ಜನರನ್ನು ಹೊರಗೆ ಬಿಟ್ಟರು.

2020ರ ಡಿಸೆಂಬರ್‌ನಲ್ಲಿ ಸರ್ಕಾರವೇ ಕೊಟ್ಟ ಲೆಕ್ಕ: ರಕ್ತಪರೀಕ್ಷೆಯನ್ನೂ ಸೇರಿಸಿ ನೋಡಿದರೆ ಡಾರ್ಮಿಟರಿಗಳವರಲ್ಲಿ ಶೇಕಡಾ 47 ಮಂದಿಗೆ ಸೋಂಕು ತಗುಲಿತ್ತು. ಮುಂದಿನ ವರ್ಷ ಹೊಸ ಡಾರ್ಮಿಟರಿಗಳಿಗೆ ನಿಯಮ ಬಂತು. ಕೋಣೆಗೆ ಹೆಚ್ಚೆಂದರೆ 12 ಜನ, ಮಂಚಗಳ ನಡುವೆ ಒಂದು ಮೀಟರ್. ಅಳತೆ ಪಟ್ಟಿ ಸಾಕಿತ್ತು ಇದಕ್ಕೆ, ಆಪ್ ಬೇಕಿರಲಿಲ್ಲ.

ಅಂದಹಾಗೆ ಆಕ್ಸಿಮೀಟರಿನ ಬ್ಯಾಟರಿ ರಿಮೋಟಿಗೆ ಸರಿಹೋಯ್ತು.