ಜ್ವರವೂ ಬೊಕ್ಕಸವೂ: 1918ರ ಮಹಾಮಾರಿಯನ್ನು ನೆನೆದು

ಈ ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ನಮ್ಮಿಂದ ಒಂದು ಚಾರಿತ್ರಿಕ ಲೇಖನವನ್ನು ಅಪೇಕ್ಷಿಸಿದರು. ದೇವಾಲಯದ ಕಟ್ಟಡ, ಗಂಟೆಗೋಪುರ, ಇಲ್ಲಿ ಸೇವೆ ಸಲ್ಲಿಸಿದ ಗುರುವರ್ಯರ ಪರಂಪರೆ ಮುಂತಾದವನ್ನು ಕುರಿತು ನಮಗಿಂತ ಚೆನ್ನಾಗಿ ಬಲ್ಲ ಹಿರಿಯರು ಬೇರೆ ಪುಟಗಳಲ್ಲಿ ಬರೆದಿರುವುದರಿಂದ ಅದನ್ನೇ ಮರಳಿ ಹೇಳುವುದು ಉಚಿತವಲ್ಲ. ಈ ಧರ್ಮಕೇಂದ್ರವು ಅಸ್ತಿತ್ವಕ್ಕೆ ಬರುವುದಕ್ಕೆ ಕೆಲವೇ ವರ್ಷಗಳ ಹಿಂದೆ ನಮ್ಮ ನಾಡನ್ನು ಹಾದುಹೋದ ಒಂದು ಜ್ವರವನ್ನು ಕುರಿತು ಬರೆಯಲು ನಾವು ಮನಸ್ಸು ಮಾಡಿದ್ದೇವೆ. ನಮ್ಮ ಅಜ್ಜಿಯವರು ಅದನ್ನು 'ಬೊಂಬಾಯಿ ಜ್ವರ'ವೆಂದು ಕರೆಯುತ್ತಿದ್ದರು. ಯಾರದಾದರೂ ವಯಸ್ಸನ್ನು ಲೆಕ್ಕ ಹಾಕಬೇಕಾದಾಗ 'ಜ್ವರದ ವರ್ಷಕ್ಕೆ ಮೊದಲೋ ಅನಂತರವೋ' ಎಂದು ಕೇಳುವುದು ಅವರ ವಾಡಿಕೆಯಾಗಿತ್ತು. ಚಿಕ್ಕಂದಿನಲ್ಲಿ ನಮಗೆ ಇದರ ಅರ್ಥವಾಗಿರಲಿಲ್ಲ; 2020 ಮತ್ತು 2021ನೆಯ ಇಸವಿಗಳನ್ನು ಕಂಡ ಬಳಿಕ ಅರ್ಥವಾಯಿತು.

1918ನೆಯ ಜೂನ್ 10ರಂದು ಮುಂಬಯಿಯಲ್ಲಿ ಏಳು ಮಂದಿ ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು. ಅವರಲ್ಲೊಬ್ಬನು ಹಡಗುಕಟ್ಟೆಯಲ್ಲಿ ಕಾವಲಿದ್ದವನು. ಮೊದಲ ಅಲೆ ಸೌಮ್ಯವಾಗಿಯೇ ಸಾಗಿತು. ಮಳೆಗಾಲದ ಕೊನೆಗೆ ಎದ್ದ ಎರಡನೆಯ ಅಲೆ ಮಾತ್ರ ಕರುಣೆಯನ್ನರಿಯದ್ದು. ಅಕ್ಟೋಬರ್ 6ರಂದು ಆ ಒಂದು ನಗರದಲ್ಲಿ ಒಂದೇ ದಿನ 768 ಮಂದಿ ಅಸುನೀಗಿದರು. ರೈಲುಮಾರ್ಗದ ಗುಂಟ, ಯುದ್ಧರಂಗದಿಂದ ಊರಿಗೆ ಮರಳುವ ಸೈನಿಕರ ಜೊತೆಯಲ್ಲಿ, ಬೇನೆಯು ದೇಶದ ಮೂಲೆಮೂಲೆಗೂ ನಡೆಯಿತು. ಆ ವರ್ಷ ನೈಋತ್ಯ ಮಾರುತವೂ ಕೈಕೊಟ್ಟಿದ್ದುದರಿಂದ ಹಸಿದ ದೇಹಗಳ ಮೇಲೆ ಜ್ವರದ ಕೆಲಸ ಸುಲಭವಾಯಿತು. ಮೊದಲ ಸರಕಾರೀ ಅಂದಾಜಿನಂತೆ ಸತ್ತವರು ಸುಮಾರು 60 ಲಕ್ಷ. 1921ರ ಜನಗಣತಿಯಾದ ಮೇಲೆ ಅದು ಇಮ್ಮಡಿಯಾಯಿತು. ಅನಂತರದ ಪಂಡಿತರ ಲೆಕ್ಕ 1 ಕೋಟಿ 20 ಲಕ್ಷದಿಂದ 1 ಕೋಟಿ 80 ಲಕ್ಷದವರೆಗೂ ಹೋಗುತ್ತದೆ. ಭಾರತದ ಜನಗಣತಿಯ ಇತಿಹಾಸದಲ್ಲಿ ಜನಸಂಖ್ಯೆ ಏರದೆ ಇಳಿದ ದಶಕ ಒಂದೇ ಒಂದು, 1911ರಿಂದ 1921ರವರೆಗಿನದು.

ರೋಗವು ಧನಿಕ, ಬಡವನೆಂಬ ಭೇದವೆಣಿಸದು ಎಂಬ ಮಾತನ್ನು ನಾವೆಲ್ಲರೂ ಆಡುತ್ತೇವೆ. ಪೀಠದಿಂದ ನಾವೂ ಆಡಿದ್ದೇವೆ. ಆದರೆ ಮುಂಬಯಿಯ ಅಂದಿನ ಮರಣದ ಲೆಕ್ಕ ಬೇರೆಯೇ ಹೇಳುತ್ತದೆ. ಆ ನಗರದಲ್ಲಿ ಸಾವಿರಕ್ಕೆ ಸತ್ತವರು ಯೂರೋಪಿಯನರಲ್ಲಿ 8.3, ಪಾರ್ಸಿಗಳಲ್ಲಿ 9, ಭಾರತೀಯ ಕ್ರೈಸ್ತರಲ್ಲಿ 18.4, ಮುಸಲ್ಮಾನರಲ್ಲಿ 19.2. ಸರಕಾರೀ ಪಟ್ಟಿಯು 'ಕೆಳಜಾತಿಯ ಹಿಂದೂಗಳು' ಎಂದು ಹೆಸರಿಸಿದ, ಬೀದಿ ಗುಡಿಸುವ, ಮೂಟೆ ಹೊರುವ, ಒಂದೇ ಕೋಣೆಯಲ್ಲಿ ಹತ್ತು ಮಂದಿ ಮಲಗುವ ಜನರಲ್ಲಿ 61.6. ಒಂದೇ ಊರು, ಒಂದೇ ಗಾಳಿ, ಒಂದೇ ಜ್ವರ. ಸಾವು ಏಳು ಪಟ್ಟಿಗಿಂತಲೂ ಹೆಚ್ಚು. ಕರಾವಳಿಯಿಂದ ಹಡಗೇರಿ ದುಡಿಮೆಗೆಂದು ಹೋದ ನಮ್ಮವರೂ ಆ 18.4ರಲ್ಲಿ ಸೇರಿದ್ದಾರೆಂಬುದನ್ನು ನಮ್ಮ ಓದುಗರು ಗಮನಿಸಬೇಕು. ಗಾಳಿಯಾಡುವ ಬಂಗಲೆ, ಹಾಲು, ಕಂಬಳಿ, ಶುಶ್ರೂಷೆಗೆ ಒಬ್ಬ ದಾದಿ: ಔಷಧವಿಲ್ಲದ ಆ ಬೇನೆಗೆ ಇವೇ ಔಷಧಗಳಾಗಿದ್ದುವು, ಮತ್ತು ಇವು ಹಣಕ್ಕೆ ದೊರೆಯುವ ವಸ್ತುಗಳು.

ಹಾಗಾದರೆ ಸರಕಾರದ ಹಣ ಎಲ್ಲಿತ್ತು? ಈ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿಯೇ ದಾಖಲಾಗಿದೆ. ಜ್ವರಕ್ಕೆ ಒಂದು ವರ್ಷ ಮೊದಲು, 1917ರಲ್ಲಿ, ಭಾರತ ಸರಕಾರವು ಬ್ರಿಟನ್ನಿಗೆ ಯುದ್ಧವೆಚ್ಚಕ್ಕಾಗಿ ಹತ್ತು ಕೋಟಿ ಪೌಂಡುಗಳನ್ನು 'ಕಾಣಿಕೆ'ಯಾಗಿ ಒಪ್ಪಿಸಿತು. ಪೌಂಡಿಗೆ ಹದಿನೈದು ರೂಪಾಯಿಯ ಅಂದಿನ ದರದಲ್ಲಿ ಅದು 150 ಕೋಟಿ ರೂಪಾಯಿ, ಆ ಸರಕಾರದ ಒಂದು ವರ್ಷದ ವರಮಾನಕ್ಕೆ ಹೆಚ್ಚುಕಡಿಮೆ ಸಮನಾದದ್ದು. ಕಾಣಿಕೆಯೆಂಬ ಶಬ್ದವನ್ನು ದೇವಾಲಯದಲ್ಲಿ ನಿತ್ಯವೂ ಬಳಸುವ ನಮಗೆ, ಕೊಡುವವನನ್ನು ಕೇಳದೆ ತೆಗೆದುಕೊಂಡದ್ದಕ್ಕೆ ಆ ಹೆಸರು ಸಲ್ಲದೆಂದು ತೋರುತ್ತದೆ. ವೈದ್ಯರ ಸ್ಥಿತಿಯೂ ಇದೇ. ಸರಕಾರೀ ವೈದ್ಯಸೇವೆಯಲ್ಲಿದ್ದವರಲ್ಲಿ ಅನೇಕರು ಸೈನ್ಯದೊಡನೆ ಹೊರದೇಶಗಳಲ್ಲಿದ್ದರು. ಹಳ್ಳಿಗಳಲ್ಲಂತೂ ವೈದ್ಯರೆಂಬವರು ಮೊದಲೇ ಅಪರೂಪ.

ತೆರಿಗೆಯ ಬಗೆಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಮ್ಮಲ್ಲಿ ಅನೇಕರು ತೆರಿಗೆಯೆಂದರೆ ಆದಾಯ ತೆರಿಗೆಯೊಂದೇ, ಅದನ್ನು ಕೊಡುವವರು ಕೆಲವರೇ, ಉಳಿದವರು ಅವರ ಋಣದಲ್ಲಿರುವವರೆಂದು ಭಾವಿಸುವುದುಂಟು. ಈ ದೇಶದಲ್ಲಿ ಆದಾಯ ತೆರಿಗೆ ಮೊದಲು ಬಂದದ್ದು 1860ರಲ್ಲಿ. 1886ರ ಕಾಯಿದೆಯು ಬೇಸಾಯದ ವರಮಾನವನ್ನು ಅದರಿಂದ ಹೊರಗಿಟ್ಟದ್ದರಿಂದ ದೊಡ್ಡ ಜಮೀನುದಾರರ ಗೇಣಿಯ ವರಮಾನಕ್ಕೆ ಅದು ತಾಗಲಿಲ್ಲ. 1917ರಲ್ಲಿ ಐವತ್ತು ಸಾವಿರಕ್ಕೆ ಮೀರಿದ ವರಮಾನದ ಮೇಲೆ 'ಸೂಪರ್ ಟ್ಯಾಕ್ಸ್' ಎಂಬ ಹೆಚ್ಚುವರಿ ತೆರಿಗೆಯನ್ನು ವಿಧಿಸಿದ್ದು ನಿಜ. ಯುದ್ಧದ ಲಾಭದ ಮೇಲೆಯೂ 1919ರಲ್ಲಿ ಒಂದು ತೆರಿಗೆ ಬಂತು. ಆದರೆ ಆಗ ಯುದ್ಧ ಮುಗಿದಿತ್ತು, ಜ್ವರವೂ ತನ್ನ ಕೆಲಸವನ್ನು ಬಹುಪಾಲು ಮುಗಿಸಿತ್ತು, ಮತ್ತು ಆ ತೆರಿಗೆ ಒಂದೇ ವರ್ಷಕ್ಕೆ ನಿಂತಿತು.

ಬಡವನು ಕೊಟ್ಟದ್ದು ಮಾತ್ರ ನಿಲ್ಲಲಿಲ್ಲ. ಉಪ್ಪಿನ ಸುಂಕವನ್ನು 1916ರಲ್ಲಿ ಮಣಕ್ಕೆ ಒಂದು ರೂಪಾಯಿಯಿಂದ ಒಂದೂಕಾಲು ರೂಪಾಯಿಗೆ ಏರಿಸಲಾಯಿತು. ಆಮದಾದ ಹತ್ತಿಬಟ್ಟೆಯ ಸುಂಕ 1917ರಲ್ಲಿ ನೂರಕ್ಕೆ ಮೂರೂವರೆಯಿಂದ ಏಳೂವರೆಗೆ ಏರಿತು. ತಲೆಗೆ ಹಂಚಿದರೆ ಉಪ್ಪಿನ ಸುಂಕ ಕೆಲವು ಆಣೆಗಳ ಮಾತೆಂದು ಸರಕಾರದ ಪರವಾಗಿ ವಾದಿಸುತ್ತಿದ್ದರು. ಲೆಕ್ಕಕ್ಕೆ ಅದು ಸರಿಯೇ. ಆದರೆ ಗಿರಣಿಯ ಒಡೆಯನೂ ಅವನ ಕೂಲಿಯಾಳೂ ಉಣ್ಣುವ ಉಪ್ಪು ಒಂದೇ ಅಳತೆಯದು. ಕೊಡುವ ಸುಂಕವೂ ಒಂದೇ. ಅಕ್ಕಿಯ ಬೆಲೆ, ಬಟ್ಟೆಯ ಬೆಲೆ ಏರುತ್ತಿದ್ದ ಆ ದಿನಗಳಲ್ಲಿ ಒಂದಾಣೆಯ ತೂಕ ಇಬ್ಬರಿಗೂ ಒಂದೇ ಆಗಿರಲಿಲ್ಲ. 1918ರ ಸೆಪ್ಟೆಂಬರಿನಲ್ಲಿ, ಜ್ವರದ ಎರಡನೆಯ ಅಲೆ ಏಳುತ್ತಿದ್ದಂತೆಯೇ, ಮದರಾಸಿನಲ್ಲಿ ಧಾನ್ಯಕ್ಕಾಗಿ ದಂಗೆಗಳಾದುವು. 1919ರ ಜನವರಿಯಲ್ಲಿ ಮುಂಬಯಿಯ ಗಿರಣಿಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಕೆಲಸಗಾರರು ಮುಷ್ಕರ ಹೂಡಿದರು. ಯುದ್ಧಕಾಲದ ಲಾಭದಿಂದ ಗಿರಣಿಗಳು ಕೊಬ್ಬಿದ್ದುದನ್ನೂ ತಮ್ಮ ಕೇರಿಗಳಲ್ಲಿ ಹೆಣಗಳೆದ್ದುದನ್ನೂ ಅವರು ಕಣ್ಣಾರೆ ಕಂಡವರು.

ಸರಕಾರ ಕೈಚೆಲ್ಲಿದ ಕಡೆಗಳಲ್ಲಿ ಕೈಹಿಡಿದವರು ಸ್ವಯಂಸೇವಕರು, ಸೇವಾಸಂಘಗಳವರು, ಎಲ್ಲ ಮತಗಳ ಸಾಮಾನ್ಯ ಜನ. ನಮ್ಮ ಜಿಲ್ಲೆಯಲ್ಲಿ ಇಂತಹ ಸೇವೆಯ ಮಾತು ಬಂದಾಗ ಕಂಕನಾಡಿಯ ಫಾದರ್ ಮುಲ್ಲರರ ಹೆಸರನ್ನು ಹೇಳದೆ ಮುಂದುವರಿಯುವಂತಿಲ್ಲ. ಜರ್ಮನಿಯಿಂದ ಬಂದ ಯೇಸುಸಭೆಯ ಈ ಗುರುಗಳು 1880ರಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ತೆರೆದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನು ಕಲ್ಪಿಸಿದರು, 1902ರಲ್ಲಿ ಪ್ಲೇಗಿನವರಿಗೆ ಪ್ರತ್ಯೇಕ ಆಸ್ಪತ್ರೆ ಕಟ್ಟಿಸಿದರು. ಔಷಧಗಳನ್ನು ಅಂಚೆಯ ಮೂಲಕ ದೇಶದಾದ್ಯಂತ ಮಾರಿ, ಬಂದ ಹಣವನ್ನು ಕೈಯಲ್ಲಿ ಕಾಸಿಲ್ಲದವರ ಆರೈಕೆಗೆ ತಿರುಗಿಸುವುದು ಅವರ ಕ್ರಮ. ಅವರು 1910ರಲ್ಲಿಯೇ ತೀರಿಕೊಂಡರೂ ಸಂಸ್ಥೆ ಉಳಿಯಿತು. ಬೆಂಗಳೂರಿನಲ್ಲಿ ಗುಡ್ ಶೆಪರ್ಡ್ ಭಗಿನಿಯರು 1886ರಲ್ಲಿ ತೆರೆದ ಸಂತ ಮಾರ್ಥಾ ಆಸ್ಪತ್ರೆಯೂ, ಮೈಸೂರು ಸರಕಾರವು ಕಟ್ಟಿಸಿ 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಯೂ ಆ ಕಾಲದವೇ. ಇವುಗಳಲ್ಲಿ ಕೊನೆಯದು ಮಾತ್ರ ಜನರ ತೆರಿಗೆಯ ಹಣದಿಂದಾದದ್ದು. ನಾವು ನಮ್ಮ ಗುರುಗಳ, ಭಗಿನಿಯರ ಸೇವೆಯನ್ನು ಹೆಮ್ಮೆಯಿಂದ ನೆನೆಯುವುದು ಯುಕ್ತವೇ. ಆದರೂ ಒಂದು ಮಾತನ್ನು ಸೇರಿಸದಿದ್ದರೆ ಚರಿತ್ರೆಗೆ ಅಪಚಾರವಾದೀತು. ದಾನವು ಕೊಡುವವನ ಮನಸ್ಸು ಇದ್ದಷ್ಟು ದಿನ ಮಾತ್ರ ಬರುತ್ತದೆ, ಅವನಿಗೆ ಕಾಣುವಷ್ಟು ದೂರ ಮಾತ್ರ ತಲಪುತ್ತದೆ. ಕಂಕನಾಡಿಯಿಂದ ಇಪ್ಪತ್ತು ಮೈಲಿ ಆಚೆಯ ಹಳ್ಳಿಯಲ್ಲಿ ಕೆಮ್ಮುತ್ತ ಬಿದ್ದಿದ್ದ ಒಕ್ಕಲಿಗೆ 1918ರಲ್ಲಿ ಯಾವ ಆಸ್ಪತ್ರೆಯ ಮೇಲೆಯೂ ಹಕ್ಕಿರಲಿಲ್ಲ.

ಹಕ್ಕಿನ ಮಾತು ಮುಂದಕ್ಕೂ ಬರಲಿಲ್ಲ. 1919ರ ಕಾಯಿದೆಯಂತೆ ಪ್ರಾಂತಗಳಲ್ಲಿ ದ್ವಿಮುಖ ಆಡಳಿತ ಏರ್ಪಟ್ಟಾಗ ಸಾರ್ವಜನಿಕ ಆರೋಗ್ಯವನ್ನು ಭಾರತೀಯ ಮಂತ್ರಿಗಳಿಗೆ ಒಪ್ಪಿಸಿ, ಹಣಕಾಸನ್ನೂ ಕಂದಾಯವನ್ನೂ ಗವರ್ನರರ ಕೈಯಲ್ಲೇ ಇಟ್ಟುಕೊಳ್ಳಲಾಯಿತು. ರೋಗವನ್ನು ಒಬ್ಬನಿಗೆ, ಬೀಗದಕೈಯನ್ನು ಇನ್ನೊಬ್ಬನಿಗೆ ಕೊಟ್ಟ ಹಾಗೆ! 1923ರಲ್ಲಿ ವೈಸರಾಯ್ ರೀಡಿಂಗ್ ಪ್ರಭುಗಳು ಶಾಸನಸಭೆಯ ವಿರೋಧವನ್ನು ತಳ್ಳಿಹಾಕಿ ಉಪ್ಪಿನ ಸುಂಕವನ್ನು ಇಮ್ಮಡಿಗೊಳಿಸಿದರು. ಮರುವರ್ಷ ಅದನ್ನು ಇಳಿಸಬೇಕಾಯಿತು. ಹಣ ಕೊಡಲಾರನೆಂಬ ಕಾರಣಕ್ಕೆ ಯಾರೊಬ್ಬನೂ ವೈದ್ಯೋಪಚಾರದಿಂದ ವಂಚಿತನಾಗಬಾರದೆಂಬ ತತ್ತ್ವವನ್ನು ಸರಕಾರೀ ವರದಿಯೊಂದು ನಿಚ್ಚಳವಾಗಿ ಹೇಳಿದ್ದು 1946ರಲ್ಲಿ, ಭೋರ್ ಸಮಿತಿಯ ಮೂಲಕ.

ಧರ್ಮಸಭೆಯ ಬೋಧನೆಯಲ್ಲಿ ಈ ವಿಷಯದ ಎರಡು ಮುಖಗಳೂ ಇವೆ. ಜಗದ್ಗುರು ಹದಿಮೂರನೆಯ ಲಿಯೋರವರು 1891ರ ವಿಶ್ವಪತ್ರದಲ್ಲಿ ವಿಪರೀತ ತೆರಿಗೆಯು ಮನೆತನದ ಸ್ವತ್ತನ್ನು ಬರಿದು ಮಾಡಬಾರದೆಂದು ಎಚ್ಚರಿಸಿದರು. ಇಪ್ಪತ್ತಮೂರನೆಯ ಯೊವಾನ್ನರವರು 1961ರ ವಿಶ್ವಪತ್ರದಲ್ಲಿ ತೆರಿಗೆಯ ಭಾರವು ಹೊರುವವನ ಶಕ್ತಿಗೆ ತಕ್ಕಂತೆ ಇರಬೇಕೆಂದರು. ಸೆಮಿನರಿಯಲ್ಲಿ ನಾವು ಓದುವಾಗ ಮೊದಲನೆಯದು ಮಾತ್ರ ನಮ್ಮ ನೆನಪಿನಲ್ಲಿ ನಿಂತಿತು. ಅದು ನಮ್ಮ ಗುರುಗಳ ತಪ್ಪೋ ನಮ್ಮದೋ ತಿಳಿಯದು.

ಸ್ವತಂತ್ರ ಭಾರತದಲ್ಲಿ 1953ರಲ್ಲಿ ಮೃತರ ಆಸ್ತಿಯ ಮೇಲಿನ ತೆರಿಗೆಯೂ, 1957ರಲ್ಲಿ ಸಂಪತ್ತಿನ ತೆರಿಗೆಯೂ ಬಂದುವು. ಮೊದಲನೆಯದು 1985ರಲ್ಲಿ, ಎರಡನೆಯದು 2015ರಲ್ಲಿ ರದ್ದಾದುವು. ವಸೂಲಿಗೆ ತಗಲುವ ಶ್ರಮಕ್ಕೆ ತಕ್ಕ ಹಣ ಬರುವುದಿಲ್ಲವೆಂಬುದು ಕೊಟ್ಟ ಕಾರಣ. 2019ರ ಸೆಪ್ಟೆಂಬರಿನಲ್ಲಿ ಕಂಪೆನಿಗಳ ತೆರಿಗೆಯನ್ನು ನೂರಕ್ಕೆ ಮೂವತ್ತರಿಂದ ಇಪ್ಪತ್ತೆರಡಕ್ಕೆ ಇಳಿಸಲಾಯಿತು. ಅದಾಗಿ ಆರು ತಿಂಗಳಲ್ಲಿ ಕೊರೋನಾ ಬಂತು. 2019-20ರಲ್ಲಿ ಆರೋಗ್ಯಕ್ಕಾಗಿ ಎಲ್ಲ ಸರಕಾರಗಳೂ ಸೇರಿ ವೆಚ್ಚ ಮಾಡಿದ್ದು ರಾಷ್ಟ್ರೀಯ ಉತ್ಪನ್ನದ ನೂರಕ್ಕೆ 1.35, ದೇಶದ ಒಟ್ಟು ಆರೋಗ್ಯವೆಚ್ಚದಲ್ಲಿ ನೂರಕ್ಕೆ 47ನ್ನು ರೋಗಿಗಳ ಮನೆಯವರೇ ಕೈಯಿಂದ ತೆತ್ತರು. 2021ರ ಬೇಸಗೆಯಲ್ಲಿ ಜನ ಉಸಿರಿಗಾಗಿ ಪರದಾಡುತ್ತಿದ್ದಾಗ ಆಮ್ಲಜನಕದ ಮೇಲೆಯೂ ನೂರಕ್ಕೆ ಹನ್ನೆರಡರ ಜಿ.ಎಸ್.ಟಿ. ಇತ್ತು. ಜೂನ್ 12ರಂದು ಅದನ್ನು ಐದಕ್ಕೆ ಇಳಿಸಿದರು. ಉಪ್ಪಿನ ಕಥೆಯನ್ನು ಬರೆಯುವಾಗ ನಮಗೆ ಇದು ನೆನಪಾಗದೆ ಇರಲಿಲ್ಲ. ಸತ್ತವರ ಎಣಿಕೆಯಲ್ಲಿಯೂ ಹಳೆಯ ಕಥೆಯೇ: ಸರಕಾರದ ಲೆಕ್ಕ ಐದು ಲಕ್ಷದ ಆಸುಪಾಸು, 2020 ಮತ್ತು 2021ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು 47 ಲಕ್ಷ, ಅದನ್ನು ಸರಕಾರ ಒಪ್ಪಲಿಲ್ಲ.

ಆ ಮೇ ತಿಂಗಳಲ್ಲಿ ನಮ್ಮ ಧರ್ಮಕೇಂದ್ರದ ಯುವಕರು ರಕ್ಷಾಕವಚ ಧರಿಸಿ ಹಗಲಿರುಳೆನ್ನದೆ ಗುಂಡಿ ತೋಡಿದರು. ಅವರಿಗೆ ಈ ಪುಟದಲ್ಲಿ ನಮ್ಮ ವಂದನೆಗಳು ಸಲ್ಲುತ್ತವೆ. ಬೀಡಿ ಕಟ್ಟಿ ಜೀವಿಸುವ ಒಂದು ಕುಟುಂಬದ ಯಜಮಾನನು ಪಟ್ಟಣದ ಖಾಸಗಿ ಆಸ್ಪತ್ರೆಯೊಂದರಲ್ಲಿ ಹನ್ನೊಂದು ದಿನವಿದ್ದು ತೀರಿಕೊಂಡನು. ಬಿಲ್ಲು ತೀರಿಸಲು ಆತನ ಹೆಂಡತಿ ಕರಿಮಣಿಯನ್ನೂ ಮನೆಯ ಹಿಂದಿನ ಹತ್ತು ಸೆಂಟ್ಸ್ ಜಾಗವನ್ನೂ ಮಾರಿದಳು. ಅದೇ ಕಾಯಿಲೆಯಿಂದ ಅದೇ ವಾರ ಮನೆಗೆ ಮರಳಿದ ಶ್ರೀಮಂತರೂ ನಮ್ಮಲ್ಲಿದ್ದಾರೆ. ಅವರು ಬದುಕಿದ್ದಕ್ಕೆ ನಾವು ದೇವರನ್ನು ಸ್ತುತಿಸಿದೆವು.

ಈಗ ಬರೆಯಬೇಕಾದದ್ದು ನಮ್ಮ ವಿಷಯವೇ. ಶತಮಾನೋತ್ಸವಕ್ಕೆ ಹಣ ಕೂಡಿಸುವಾಗ, ಲೆಕ್ಕ ಸುಲಭವಾಗಲೆಂದು, ಮನೆಯೊಂದಕ್ಕೆ ಇಷ್ಟೆಂದು ಒಂದೇ ವಂತಿಗೆಯನ್ನು ಗೊತ್ತುಪಡಿಸಿದೆವು. ಪಾಲನಾ ಪರಿಷತ್ತಿನಲ್ಲಿ ಯಾರೂ ಆಕ್ಷೇಪಿಸಲಿಲ್ಲ, ಅಧ್ಯಕ್ಷರಾಗಿದ್ದ ನಾವೂ ಆಕ್ಷೇಪಿಸಲಿಲ್ಲ. ಆ ವಿಧವೆ ಮೂರು ಕಂತುಗಳಲ್ಲಿ ಅದನ್ನು ತಂದು ಕೊಟ್ಟಳು. ಕೊನೆಯ ಕಂತಿನ ದಿನ, "ಪೂರ್ತಿಯಾಯಿತಲ್ಲ ಫಾದರ್, ರಶೀದಿ ಬರೆದುಕೊಡಿ" ಎಂದಳು. ರಶೀದಿ ಪುಸ್ತಕದಲ್ಲಿ ಆಕೆಯ ಹೆಸರಿನ ಮೇಲಣ ಹೆಸರು, ಎರಡು ಪೆಟ್ರೋಲ್ ಬಂಕುಗಳ ಒಡೆಯರಾದ ನಮ್ಮ ಹಿತೈಷಿಯೊಬ್ಬರದು. ಎರಡು ಸಾಲುಗಳಲ್ಲಿಯೂ ಮೊತ್ತ ಒಂದೇ. ಅಂದು ಸಂಜೆಯೇ ಈ ಲೇಖನಕ್ಕೆ ಕೈಹಾಕಿದೆವು. ವಂತಿಗೆಯನ್ನು ಅವರವರ ಅನುಕೂಲಕ್ಕೆ ತಕ್ಕಂತೆ ಮರುನಿಗದಿ ಮಾಡಬೇಕು, ಹೆಚ್ಚು ಕೊಟ್ಟ ಬಡ ಮನೆಗಳಿಗೆ ಹಣ ಹಿಂದಿರುಗಿಸಬೇಕು, ಉಳಿದುದರಲ್ಲಿ ಒಂದು ವೈದ್ಯಕೀಯ ನಿಧಿಯನ್ನು ಸ್ಥಾಪಿಸಬೇಕೆಂಬ ಠರಾವನ್ನು ಬರುವ ತಿಂಗಳ ಎರಡನೆಯ ಆದಿತ್ಯವಾರದ ಸಭೆಯ ಮುಂದಿಟ್ಟಿದ್ದೇವೆ. ಬಲಿಪೂಜೆಯ ಬಳಿಕ ಸಭೆ ಶಾಲೆಯ ಸಭಾಂಗಣದಲ್ಲಿ ಸೇರುವುದು.